ಒಂಬತ್ತು ಸೆಕೆಂಡಿನ ಕೈಮಾತು

ಅವ್ವನ ಲಗ್ನದ ಡಿಸ್ಕಿನಲ್ಲಿ ಎರಡು ತಾಸು ಐವತ್ತೆಂಟು ನಿಮಿಷಗಳಿವೆ. ನಮಗೆ ಬೇಕಾದದ್ದು ಒಂಬತ್ತು ಸೆಕೆಂಡು. ಸರಿಯಾಗಿ ಅಲ್ಲೇ ಚಿತ್ರ ಒಡೆದಿದೆ.

ಅವ್ವನಿಗೂ ಅವಳ ಅಕ್ಕನಿಗೂ, ಅಂದರೆ ನನ್ನ ದೊಡ್ಡವ್ವನಿಗೂ, ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇಳಕಲ್ಲಿನ ಮನೆಯಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ಕೂತು, ತಾವೇ ಕಟ್ಟಿಕೊಂಡ ಕೈಸನ್ನೆಯಲ್ಲಿ ಹರಟುತ್ತ ಬೆಳೆದವರು. ಇವರು ಮಾತಿಗೆ ಕೂತರೆ ಎರಡೂ ಮಗ್ಗ ನಿಲ್ಲುತ್ತವೆ ಎಂದು ಅಜ್ಜ ಬೈಯುತ್ತಿದ್ದನಂತೆ.

ಲಗ್ನದ ಹೊತ್ತಿಗೆ ಅವ್ವನ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ತನಗಾಗಿಯೇ ಬಣ್ಣ ಆರಿಸಿ ಹಚ್ಚಿದ್ದ ಸೀರೆ. ಪಂಚಮಿಗೆ ತವರಿಗೆ ಬಂದಾಗ ಮುಗಿಸುವವಳಿದ್ದಳು. ಬಂದು ನೋಡಿದರೆ ದೊಡ್ಡವ್ವ ಅದನ್ನು ನೇಯ್ದು ಮಡಿಸಿಟ್ಟಿದ್ದಳು. ಒಬ್ಬೊಬ್ಬ ನೇಕಾರರು ಎಳೆ ಕೂಡಿಸಿ ಬಡಿಯುವ ಪೆಟ್ಟು ಒಂದೊಂದು ಥರ. ಕೈ ಬದಲಾದ ಜಾಗ ಅವ್ವನ ಕಣ್ಣಿಗೆ ಬಿತ್ತು. ಕೇಳದೆ ಯಾಕೆ ಮುಟ್ಟಿದೆ ಎಂದಳು. ಕಳಿಸುವಾಗ ಟೆಂಪೊ ಕಿಟಕಿಯ ಹತ್ತಿರ ಕೇಳಿದ್ದೆ, ನೀನೇ ಒಪ್ಪಿದೆ ಎಂದಳು ದೊಡ್ಡವ್ವ. ಕೇಳಿಲ್ಲ ಎಂದು ಇವಳು, ಕೇಳಿದ್ದೇನೆ ಎಂದು ಅವಳು. ಕೊನೆಗೆ ಸಾಕ್ಷಿಗೆಂದು ಡಿಸ್ಕ್ ಹಾಕಿದರು. ದೊಡ್ಡವ್ವನ ಬಲಗೈ ಮೇಲೇಳುವುದು ಕಾಣುತ್ತದೆ. ಆಮೇಲೆ ಬರೀ ಮಣ್ಣುಬಣ್ಣದ ಚೌಕಗಳು. ಚೌಕಗಳು ಕರಗುವಷ್ಟರಲ್ಲಿ ಕೈ ಕೆಳಗಿಳಿದಿರುತ್ತದೆ.

ಈ ಜಗಳ ನನಗಿಂತ ಒಂದು ವರ್ಷ ದೊಡ್ಡದು. ಹೋಗಿ ಬಂದು ಮಾಡುತ್ತಿದ್ದರು, ಹಬ್ಬಕ್ಕೆ ಕೂಡುತ್ತಿದ್ದರು. ಸೀರೆಯ ಮಾತು ಬಂದರೆ ಮಾತ್ರ ಇಬ್ಬರೂ ಕೈ ಕಟ್ಟಿ ಕೂತುಬಿಡುತ್ತಿದ್ದರು. ಅವ್ವ ಆ ಸೀರೆಯನ್ನು ಒಮ್ಮೆಯೂ ಉಡಲಿಲ್ಲ.

ಹೋದ ಶ್ರಾವಣದಲ್ಲಿ ದೊಡ್ಡವ್ವ ತೀರಿಕೊಂಡಳು. ಅಲ್ಲಿಂದ ಅವ್ವ ಬಾದಾಮಿಯ ನಮ್ಮ ಮನೆಯಲ್ಲಿ ಮಧ್ಯಾಹ್ನವಾದರೆ ಡಿಸ್ಕ್ ಹಾಕತೊಡಗಿದಳು. ಮೊದಲ ತಿಂಗಳ ಲೆಕ್ಕ ನನ್ನ ಡೈರಿಯಲ್ಲಿದೆ: ಇಪ್ಪತ್ತಮೂರು ಸಲ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಇಪ್ಪತ್ತನಾಲ್ಕನೆಯ ಸಲ ನನ್ನ ಕಡೆ ತಿರುಗಿ, ನೀನು ಕಂಪ್ಯೂಟರ್ ಕಲಿತವಳು, ಇದನ್ನು ತಿಳಿ ಮಾಡಲು ಆಗುತ್ತದೆಯೇ ಎಂದು ಕೇಳಿದಳು.

ಆಗುವುದಿಲ್ಲ ಎಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು. ಡಿಸ್ಕಿನಲ್ಲಿರುವ ಜಾಗಕ್ಕೆ ಒಂದು ಮಿತಿಯಿದೆ. ಚಿತ್ರ ಉದ್ದವಾದಷ್ಟೂ ಒಂದೊಂದು ಸೆಕೆಂಡಿನ ಪಾಲು ಕಡಿಮೆ. ಜಾಗ ಉಳಿಸಲು ಸೆಕೆಂಡಿಗೆ ಒಂದೆರಡು ಪೂರ್ತಿ ಚಿತ್ರ ಬರೆದು, ನಡುವೆ ಬದಲಾದದ್ದನ್ನಷ್ಟೇ ಬರೆಯುತ್ತಾರೆ. ಹೀಗಾಗಿ ಹಂದರದ ಕಂಬ, ಸುಮ್ಮನೆ ಕೂತ ಬೀಗರು ಚೆನ್ನಾಗಿ ಬರುತ್ತಾರೆ. ಬೇಗ ಆಡುವ ಕೈ ಒಡೆಯುತ್ತದೆ. ಬೇರೆ ಮನೆಯ ಲಗ್ನದಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಲ್ಲಿ ಒಡೆದದ್ದು ಮಾತು. ಇನ್ನೂ ಒಂದು ಲೆಕ್ಕ ಸಿಕ್ಕಿತು. ಸೆಕೆಂಡಿಗೆ ಇದ್ದ ಮೂರೂವರೆ ಮೆಗಾಬಿಟ್‌ನಲ್ಲಿ ಒಂದೂವರೆಯನ್ನು ಸದ್ದಿಗೇ ಕೊಟ್ಟಿದ್ದರು. ಡಿಸ್ಕಿಗೆ ಬರೆಯದೇ ಬಿಟ್ಟದ್ದನ್ನು ಯಾವ ಕಂಪ್ಯೂಟರೂ ತಂದುಕೊಡಲಾರದು. ಕ್ಯಾಮೆರಾದ ಮೂಲ ಕ್ಯಾಸೆಟ್ ಬೇಕು.

ಕ್ಯಾಸೆಟ್ ನಮ್ಮ ಮನೆಗೆ ಬಂದೇ ಇರಲಿಲ್ಲ. ಶೂಟಿಂಗ್ ಮಾಡಿದವರು ಹುನಗುಂದದವರು. ಸ್ಟುಡಿಯೋ ಮುಚ್ಚಿ, ಈಗ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಮೂರು ಸಲ ಹೋದೆ. ಮೊದಲ ಸಲ ಹುಡುಕುತ್ತೇನೆಂದರು, ಎರಡನೆಯ ಸಲ ಮೊದಲೆರಡು ಕ್ಯಾಸೆಟ್ ಕೊಟ್ಟರು, ಮೂರನೆಯ ಸಲ ಕಳಿಸುವ ಶಾಸ್ತ್ರವಿದ್ದ ಮೂರನೆಯದು ಸಿಕ್ಕಿತು. ಸದ್ದಿಗೇಕೆ ಅಷ್ಟು ಜಾಗ ಕೊಟ್ಟಿರಿ ಎಂದು ಕೇಳಿದೆ. ಅವರು ಕ್ಯಾಸೆಟ್ಟಿನ ಧೂಳು ಒರೆಸುತ್ತಲೇ ಇದ್ದರು.

“ಸನಾದಿ ಭಾಳ ಚಲೋ ಬಂದಿತ್ತವಾ, ಅದನ್ನ ಕೆಡಸಬಾರದಂತ ಹಂಗ ಇಟ್ಟೆ. ಮದುಮಗಳಿಗೆ ಕೇಳೂದಿಲ್ಲ ಅನ್ನೂದು ನನ್ನ ತಲಿಗೇ ಬರಲಿಲ್ಲ ನೋಡು.”

ಆ ಸಣ್ಣ ಕ್ಯಾಸೆಟ್ ಓಡಿಸುವ ಕ್ಯಾಮೆರಾ ಬಾಗಲಕೋಟೆಯಲ್ಲಿ ಒಬ್ಬ ರಿಪೇರಿಯವರ ಹತ್ತಿರ ಇತ್ತು. ಅವ್ವನೂ ಜೊತೆಗೆ ಬಂದಳು. ಅವರು ಮುಚ್ಚಳ ಎತ್ತಿ ನೋಡಿದರು. ಟೇಪಿನ ಅಂಚಿಗೆ ಬಿಳಿ ಬೂಸು ಹಿಡಿದಿತ್ತು.

“ಒಂದ ಸಲ ಓಡತೈತಿ. ಎರಡನೇ ಸಲ ಓಡತೈತಂತ ನಾ ಹೇಳೂದಿಲ್ಲ. ನಡುವ ನಿಂದ್ರಸಂತ ಅನಬ್ಯಾಡ್ರಿ.”

ನಮಗೆ ಬೇಕಾದ ಜಾಗ ನಲವತ್ತೊಂದನೆಯ ನಿಮಿಷದ ನಂತರ ಎಂದು ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಮೂವತ್ತೆಂಟನೆಯ ನಿಮಿಷಕ್ಕೆ ಕ್ಯಾಮೆರಾದೊಳಗೆ ಟೇಪು ಕಿರ್ ಎಂದು ಕಿರುಗುಟ್ಟತೊಡಗಿತು. ಕಂಪ್ಯೂಟರಿನ ಪರದೆಯ ಮೇಲೆ ಒಂದೆರಡು ಚೌಕ ಮೂಡಿ ಮಾಯವಾದವು. ರಿಪೇರಿಯವರು ಗುಂಡಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಅವ್ವನಿಗೆ ಆ ಸದ್ದು ಕೇಳುವಂತಿಲ್ಲ. ಅವಳು ನೋಡುತ್ತಿದ್ದದ್ದು ಪರದೆಯನ್ನಲ್ಲ, ನನ್ನ ಮುಖವನ್ನು. ಏನಾಯಿತು ಎಂದು ಅಂಗೈ ತಿರುವಿದಳು. ಏನಿಲ್ಲ ಎಂದೆ. ನಲವತ್ತು. ನಲವತ್ತೊಂದು. ಕಿರುಗುಟ್ಟುವುದು ಜೋರಾಯಿತು. ಮುಖ ಅಲುಗದಂತೆ ಹಲ್ಲು ಕಚ್ಚಿ ಕೂತೆ. ನಲವತ್ತಾರನೆಯ ನಿಮಿಷಕ್ಕೆ ಟೇಪು ಸುಕ್ಕಾಗಿ ಸಿಕ್ಕಿಕೊಂಡು ನಿಂತಿತು.

ಬೇಕಾದದ್ದು ಅಷ್ಟರೊಳಗೆ ಬಂದಿದೆಯೋ ಇಲ್ಲವೋ ನೋಡೋಣ ಎಂದು ಅವರು ಕಂಪ್ಯೂಟರಿಗೆ ಇಳಿದದ್ದನ್ನು ಹಿಂದಕ್ಕೆ ಸರಿಸಲು ಹೋದರು. ಅವ್ವ ಅವರ ಕೈ ಹಿಡಿದಳು. ಮನೆಯಲ್ಲಿ ನೋಡುತ್ತೇನೆ ಎಂದು ನನಗೆ ಹೇಳಿದಳು. ಅವಳಿಗೆ ರಿಮೋಟ್ ಹಿಡಿದು ನೋಡಿಯೇ ರೂಢಿ. ಹಾಗಾಗಿ ಕೊನೆಯ ಎಂಟು ನಿಮಿಷಗಳನ್ನಷ್ಟೇ ಒಂದು ಇಡೀ ಡಿಸ್ಕಿಗೆ ಬರೆಯಿರಿ, ಡಿಸ್ಕ್ ಓದುವ ಯಂತ್ರ ತಡೆಯುವಷ್ಟು ಜಾಗವನ್ನೆಲ್ಲ ಚಿತ್ರಕ್ಕೆ ಕೊಡಿ, ಸದ್ದು ಬೇಡ ಎಂದೆ.

“ಸೌಂಡ ಇಲ್ಲದ ಲಗ್ನ?” ಎಂದು ಅವರು ನಕ್ಕರು. ಅವ್ವನ ಕಡೆ ನೋಡಿ, ನಗು ನಿಲ್ಲಿಸಿ ಬರೆದುಕೊಟ್ಟರು.

ಬಸ್ಸಿನಲ್ಲಿ ಅವ್ವ ಡಿಸ್ಕನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮನೆಗೆ ಬಂದು ಕಾಲು ತೊಳೆಯದೆ ಟಿವಿಯ ಮುಂದೆ ಕೂತಳು.

ಟೆಂಪೊದ ಕಿಟಕಿ. ಒಳಗೆ ತಲೆ ತಗ್ಗಿಸಿದ ಅವ್ವ, ಹೊರಗೆ ದೊಡ್ಡವ್ವ. ಬಲಗೈ ಮೇಲೆದ್ದಿತು. ಈ ಸಲ ಒಡೆಯಲಿಲ್ಲ. ಬಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಿನ್ನ ಎಂದು ಬೆರಳು. ಮಗ್ಗ ಎಂದು ಮುಷ್ಟಿ ಎದೆಯ ಕಡೆಗೆ. ನಾನು. ಕತ್ತರಿಸಿದ ಹಾಗೆ ಎರಡು ಬೆರಳು, ಅಂದರೆ ಮುಗಿಸುವುದು. ಕೊನೆಗೆ ಅಂಗೈ ಮೇಲೆ: ಮುಗಿಸಲೇ?

ಕೇಳಿದ್ದಳು.

ನಾನು ಅವ್ವನ ಕಡೆ ನೋಡಿದೆ. ಅವಳು ದೊಡ್ಡವ್ವನನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದಳು. ಎದ್ದು ಹೋಗಿ ಪರದೆಯ ಕೆಳಗಿನ ಮೂಲೆಗೆ ಬೆರಳಿಟ್ಟಳು. ಅಲ್ಲಿ ಸೆರಗಿನ ಅಂಚಿನಲ್ಲಿ ಮದುಮಗಳ ಕೈ. ಹಳೆಯ ಡಿಸ್ಕಿನಲ್ಲಿ ಆ ಜಾಗದಲ್ಲಿ ಬರೀ ಕಂದು ಕಲೆಯಿತ್ತು. ಅಲ್ಲಿ ಕೈ ಇದೆಯೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ. ಮದುಮಗಳ ತಲೆ ತಗ್ಗಿಯೇ ಇತ್ತು, ಕಣ್ಣು ಮಾತ್ರ ಒಮ್ಮೆ ಮೇಲೆದ್ದಿತು. ಎರಡು ಬೆರಳು ಜೋಡಿಸಿ ಮುಂದಕ್ಕೆ ತಳ್ಳಿದಳು. ನಮ್ಮ ಮನೆಯಲ್ಲಿ ಅದರ ಅರ್ಥ, ಮಾಡು.

ಅವ್ವ ಪರದೆಯಿಂದ ಬೆರಳು ತೆಗೆದು ನನ್ನ ಕಡೆ ತಿರುಗಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. ಇದನ್ನು ಅಕ್ಕ ನೋಡಿದ್ದಳೇ? ಇಲ್ಲ ಎಂದು ತಲೆಯಾಡಿಸಿದೆ. ದೊಡ್ಡವ್ವ ನೋಡಿದ್ದೂ ಹಳೆಯ ಡಿಸ್ಕನ್ನೇ.

ಅವ್ವ ಕಪಾಟಿನಿಂದ ಸೀರೆ ತೆಗೆದು ಹಾಸಿದಳು. ಕೈ ಬದಲಾದ ಜಾಗದಲ್ಲಿ ನನ್ನ ಬೆರಳು ಹಿಡಿದು ಎಳೆದಳು. ನನಗೆ ಏನೂ ತಿಳಿಯಲಿಲ್ಲ. ಅಳತೆಪಟ್ಟಿ ಇಟ್ಟು ಸೂಜಿ ಮೊನೆಯಿಂದ ಎಳೆ ಎಣಿಸಿದೆ. ಅವ್ವನ ಕಡೆ ಇಂಚಿಗೆ ಅರವತ್ತೆರಡು, ದೊಡ್ಡವ್ವನ ಕಡೆ ಅರವತ್ತೆಂಟು, ಅವಳ ನೇಯ್ಗೆಯೇ ಹೆಚ್ಚು ಬಿಗಿ. ಬರೆದು ತೋರಿಸಿದೆ. ಅವ್ವ ಅದನ್ನು ಮತ್ತೆ ಮತ್ತೆ ಓದಿದಳು.

ಮರುದಿನ ಬೆಳಿಗ್ಗೆ ನಾನೆದ್ದಾಗ ನಳ ಬಂದಿತ್ತು. ಅವ್ವ ಆ ಸೀರೆ ಉಟ್ಟು, ನೆರಿಗೆ ಮೇಲೆ ಸಿಕ್ಕಿಸಿಕೊಂಡು ಕೊಡ ತುಂಬುತ್ತಿದ್ದಳು.