ಜುಟ್ಟು ನೋಡಿ ಕಟ್ಟಿದ ನೆಂಟಸ್ತನ

ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಪ್ರಯೋಗಾಲಯದ ಗೋಡೆಯ ತುಂಬ ಹದ್ದುಗಳ ವಂಶವೃಕ್ಷವಿದೆ. ಅದನ್ನು ಬರೆದವರು ನಮ್ಮ ಅಟೆಂಡರ್. ಪಕ್ಕದ ಉಜ್ಜಿನಿ ಊರಿನವರು, ಚಿತ್ರಕಲೆ ಕಲಿತವರಲ್ಲ. ಹಳೆಯ ಪುಸ್ತಕವೊಂದನ್ನು ನೋಡಿಕೊಂಡು, ಒಂದು ಬೇಸಿಗೆ ರಜೆಯೆಲ್ಲ ಏಣಿಯ ಮೇಲೆ ನಿಂತು ಬರೆದದ್ದು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಅದನ್ನು ವಿವರಿಸುವ ಹಕ್ಕು ಅವರದೇ. ನಾನು ನಡುವೆ ಬಾಯಿ ಹಾಕಿದರೆ, "ನಿಮ್ ಪಾಠ ನಾಳಿ ಐತಿ, ಕುಂದರ್ರಿ ಮೇಡಂ" ಅನ್ನುತ್ತಿದ್ದರು. ಆ ಜಂಬ ನನಗೆ ಬಹಳ ಇಷ್ಟ.

ಅವರ ಅಚ್ಚುಮೆಚ್ಚು ದಟ್ಟಕಾಡಿನ ಜುಟ್ಟಿನ ಹದ್ದು. ಏಷ್ಯಾದ್ದನ್ನೂ ಅಮೆರಿಕದ್ದನ್ನೂ ಒಂದೇ ಕೊಂಬೆಯಲ್ಲಿ ಕೂರಿಸಿ, "ಇವು ಅಣ್ಣತಮ್ಮ" ಎನ್ನುತ್ತಿದ್ದರು. ಹಳೆಯ ಪುಸ್ತಕದಲ್ಲಿ ಹಾಗೇ ಇತ್ತು. ಡಿಎನ್‌ಎ ನೋಡಿದ ಮೇಲೆ ವಿಜ್ಞಾನಿಗಳು ಎರಡನ್ನೂ ಬೇರೆ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಕಾಡಿನ ಬದುಕು ಒಂದೇ ಥರದ್ದಾದ್ದರಿಂದ ರೂಪವೂ ಒಂದೇ ಥರ ಆಗಿದೆ, ಅಷ್ಟೇ.

ಇದು ನನಗೆ ಮೂರು ವರ್ಷದಿಂದ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅವರ ನಿವೃತ್ತಿಯವರೆಗೆ ಹೇಗೋ ಸಾಗಲಿ ಎಂದುಕೊಂಡಿದ್ದೆ. ಆದರೆ ಹೋಗುವ ಮುಂಚೆ ಗೋಡೆಗೆ ಹೊಸ ಬಣ್ಣ ಕೊಡುತ್ತೇನೆಂದು ಅವರು ಡಬ್ಬಿ ತೆರೆದಾಗ ತಡೆಯಲಾಗದೆ ಹೇಳಿಬಿಟ್ಟೆ.

ಅವರು ಗೋಡೆಯತ್ತ ತಿರುಗಿ ಜೋರಾಗಿ ನಕ್ಕರು. ನಮ್ಮ ಕಡೆ ಮದುವೆಯ ಮಾತೆತ್ತಿದರೆ ಮೊದಲು ಮನೆತನದ ಬೆಡಗು, ಅಂದರೆ ಗೋತ್ರದಂಥ ವಂಶದ ಹೆಸರು, ಕೇಳುತ್ತಾರೆ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. "ಹಡಗಲಿ, ಹರಪನಹಳ್ಳಿ ತನಕ ಸಂಬಂಧ ಕುದುರ್ಸೀನಿ. ಬೆಡಗು ಕೇಳದೇ ಒಂದೂ ಮಾಡಿಲ್ಲ. ಇಲ್ಲಿ ನೋಡ್ರಿ, ಬರೇ ಜುಟ್ಟು ನೋಡಿ ಅಣ್ಣತಮ್ಮ ಮಾಡಿಬಿಟ್ಟೀನಿ!" ಎಂದರು.

ನನ್ನ ಎದೆ ಹಗುರಾಯಿತು. ಅವರು ಅಮೆರಿಕದ ಹದ್ದಿನ ಮೇಲೆ ಬಿಳಿ ಬಣ್ಣ ಎಳೆಯುತ್ತ, "ಯಾವಾಗ ತಿಳೀತ್ರಿ ನಿಮಗ?" ಎಂದರು.

"ಮೂರು ವರ್ಷ ಆಯ್ತು."

"ಮತ್ತ, ಹುಡುಗ್ರಿಗೆ?"

"ನೀವು ಹೇಳಿದ ಮರುದಿನ ಕ್ಲಾಸಿನಲ್ಲಿ ನಾನೇ ತಿದ್ದುತ್ತಿದ್ದೆ."

ಕುಂಚ ನಿಂತಿತು. "ಅಂದ್ರ ಹುಡುಗ್ರಿಗೆಲ್ಲ ಗೊತ್ತಿತ್ತು. ನನಗೊಬ್ಬವಗ ಗೊತ್ತಿರಲಿಲ್ಲ," ಎಂದರು. ಸಿಟ್ಟಿರಲಿಲ್ಲ, ಮೆಲ್ಲಗೆ ಹೇಳಿದರು.

ತಪ್ಪಾಯ್ತು ಎಂದೆ. ಅವರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ. ಮೂರು ವರ್ಷ ಮಕ್ಕಳ ಮುಂದೆ ಅವರನ್ನು ಸಣ್ಣವರನ್ನಾಗಿ ಮಾಡಿದವಳು ನಾನೇ.