ಜಪದ ಮೊದಲರ್ಧ ನನ್ನದು

ಜಪಮಣಿ ಎಣಿಸುತ್ತ ಜಪಸರ ಹೇಳುವುದಕ್ಕೆ ನಮ್ಮ ಕ್ರೈಸ್ತರಲ್ಲಿ ಒಂದು ಕ್ರಮವಿದೆ. ಒಬ್ಬರು ಎಲ್ಲರಿಗಿಂತ ಮುಂದೆ ಮೊಣಕಾಲೂರಿ ಪ್ರತಿ ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಹಿಂದೆ ಕೂತವರೆಲ್ಲ ಉಳಿದರ್ಧ ಹೇಳಿ ಮುಗಿಸುತ್ತಾರೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುವ ಜಪವೂ ಹಾಗೆಯೇ. ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ, ಇದೆಲ್ಲ ಮುಂದಿನವರ ಪಾಲು. ಅನ್ನ ಕೇಳುವುದು, ಕ್ಷಮೆ ಕೇಳುವುದು ಹಿಂದಿನವರ ಪಾಲು. ಅಂದರೆ, ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಪ್ರಕಾರ’ ಎನ್ನುವ ಸಾಲನ್ನು ಮುಂದೆ ಕೂತವರು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಎಂಬತ್ತರ ದಶಕದ ಮೊದಲಿಗೆ, ಮಾಕಳಿಯ ನಮ್ಮ ಬೀದಿಯಲ್ಲಿ, ಒಂದು ವರ್ಷ ಪೂರ್ತಿ ಆ ಜಾಗದಲ್ಲಿ ನಾನೇ ಕೂತೆ. ಭಕ್ತಿಯಿಂದಲ್ಲ.

ನನ್ನ ಗಂಡ ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನಡೆಸುತ್ತಿದ್ದರು. ಕೈ ಒಳಗೆ ಹೋಗದ ಹಾಗೆ ಆ ಯಂತ್ರಕ್ಕೆ ಕಬ್ಬಿಣದ ಜಾಲರಿ ಇರುತ್ತದೆ. ಜಾಲರಿ ಇದ್ದರೆ ಕೆಲಸ ನಿಧಾನ. ಆರ್ಡರ್ ಅರ್ಜೆಂಟು ಎಂದು ಫೋರ್‌ಮನ್ ಅದನ್ನು ಬಿಚ್ಚಿಸಿದ. ಮೂರನೆಯ ದಿನ ನನ್ನ ಗಂಡನ ಬಲಗೈಯ ಮೂರು ಬೆರಳು ಹೋದವು. ಎನ್‌ಕ್ವಯರಿಯಲ್ಲಿ ಅದೇ ಫೋರ್‌ಮನ್ ಎದ್ದು ನಿಂತು, “ನಾನ್ ಹೇಳಿಲ್ಲ ಸಾರ್, ಅವನೇ ಬಿಚ್ಕೊಂಡಿದ್ದ” ಅಂದ. ಅಲ್ಲಿಗೆ ತಪ್ಪು ನನ್ನ ಗಂಡನದೇ ಎಂದು ತೀರ್ಮಾನವಾಯಿತು. ಶೆಡ್ಡಿನಲ್ಲೇ ಅತ್ಯಂತ ಜೋಪಾನದ ಕೆಲಸಗಾರ ಎನಿಸಿಕೊಂಡವರನ್ನು ಗೇಟಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಾರಿ ನಂಬರ್ ಬರೆಯಲು ಹಚ್ಚಿದರು.

ಆ ಫೋರ್‌ಮನ್ ಎಲ್ಲಿಯವನೋ ಆಗಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆನೇನೋ. ಅವನು ನಮ್ಮ ಬೀದಿಯವನೇ, ನಮ್ಮ ಚರ್ಚಿನವನೇ. ಬೀದಿಯಲ್ಲಿದ್ದದ್ದು ಏಳು ಕ್ರೈಸ್ತ ಮನೆ. ಒಂದೊಂದು ವಾರ ಒಂದೊಂದು ಮನೆಯಲ್ಲಿ ದೇವಮಾತೆಯ ಪ್ರತಿಮೆ ಇಟ್ಟು, ಸಂಜೆ ಎಲ್ಲರೂ ಅಲ್ಲಿ ಜಪಕ್ಕೆ ಸೇರುವುದು ವಾಡಿಕೆ. ಅವನೂ ಬರುತ್ತಿದ್ದ. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಜಪಮಣಿ ಹಿಡಿದು! ಆ ಹತ್ತೂ ಬೆರಳು ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಎನ್‌ಕ್ವಯರಿ ಮುಗಿದ ಸಂಜೆ ಜಪದಲ್ಲಿ ‘ನಾವು ಕ್ಷಮಿಸುವ ಪ್ರಕಾರ’ ಎನ್ನುವ ಸಾಲು ಬಂದಾಗ ನನ್ನ ಬಾಯಿ ಕಟ್ಟಿತು. ಮಾರನೆಯ ದಿನವೇ ಹೋಗಿ ಮುಂದೆ ಕೂತುಬಿಟ್ಟೆ. ಹೇಳಬೇಕಾದ ಕಷ್ಟ ನನಗೆ ತಪ್ಪಿತು. ಜೊತೆಗೆ, ನಾನು ನಿಲ್ಲಿಸಿದ ಕಡೆಯಿಂದ ಅವನು ಹೇಳಬೇಕು. ‘ನಮ್ಮ ತಪ್ಪುಗಳನ್ನು ಕ್ಷಮಿಸಿರಿ’ ಎಂದು ನನ್ನ ಬೆನ್ನಿಗೆ ಬೇಡಬೇಕು. ಅಷ್ಟು ಜನರ ದನಿಯಲ್ಲಿ ಅವನದು ಯಾವುದೆಂದು ತಿಳಿಯುತ್ತಿರಲಿಲ್ಲ. ಆದರೂ, ಹೇಳುತ್ತಾನಲ್ಲ ಮಾನಗೆಟ್ಟವನು, ಎಂದು ಹಲ್ಲು ಕಚ್ಚುತ್ತಿದ್ದೆ.

ನಮ್ಮ ಮನೆ ಮಾಲೀಕರ ಹೆಂಡತಿ, ಊರಿನ ಒಕ್ಕಲು ಮನೆತನದವರು, ಎಮ್ಮೆಗೆ ಹುಲ್ಲು ಹಾಕುತ್ತಲೇ ನನ್ನನ್ನು ಕೆಣಕಿದರು. “ಏನವ್ವಾ, ಗಂಡಂಗೆ ಇಂಗಾದ್ಮೇಲೆ ಭಕ್ತಿ ಜಾಸ್ತಿ ಆಗೋಯ್ತಾ? ನಾನಾಗಿದ್ರೆ ಆ ನನ್ಮಗನ ಮನೆ ಮುಂದೆ ಇಡಿ ಮಣ್ಣು ತೂರಿ ಬತ್ತಿದ್ದೆ.”

“ಮಣ್ಣು ಗುಡಿಸಿದ್ರೆ ಹೋಗುತ್ತೆ ಅಮ್ಮಾ,” ಅಂದೆ.

ಸಿಟ್ಟು ನನ್ನ ಗಂಡನ ಮೇಲೂ ಇತ್ತು. ಹಿಂದಿನ ದನಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿದ್ದದ್ದು ಅವರದೇ. ‘ನಾವು ಕ್ಷಮಿಸುವ ಪ್ರಕಾರ’ ಎಂದು ಅವರು ಎದೆಯುಬ್ಬಿಸಿ ಹೇಳುವಾಗ ನನಗೆ ಅವಮಾನವಾಗುತ್ತಿತ್ತು. ಅನ್ನದ ತುತ್ತು ಕಲೆಸಲು ಕೈ ಬಾರದ ಮನುಷ್ಯ, ಇಷ್ಟು ಸಲೀಸಾಗಿ ಕ್ಷಮಿಸಿಬಿಡುವುದೇ? ಆ ಸಂಜೆಗಳಲ್ಲಿ ಮನೆಗೆ ಬಂದ ಮೇಲೆ ಅವರೊಂದಿಗೆ ಮಾತು ಬಿಡುತ್ತಿದ್ದೆ. ಕೇಳಿದರೆ ತಲೆನೋವು ಎನ್ನುತ್ತಿದ್ದೆ.

ವರ್ಷ ತುಂಬುವ ಹೊತ್ತಿಗೆ ಪ್ರತಿಮೆ ಇನ್ನೊಂದು ಸುತ್ತು ಮುಗಿಸಿ ಮತ್ತೆ ಆ ಫೋರ್‌ಮನ್ ಮನೆಗೆ ಬಂತು. ಮೊದಲ ಸಂಜೆ ನಾನು ಒಳಗೆ ಕಾಲಿಡುವಾಗ ಅವನ ಹೆಂಡತಿ ಹೊಸಿಲಲ್ಲೇ ನನ್ನನ್ನು ತಡೆದಳು. ಮೆತ್ತಗೆ ಮಾತಾಡುವ ಹೆಂಗಸು, ಅದುವರೆಗೆ ನನ್ನ ಕಣ್ಣಿಗೆ ಕಣ್ಣು ಕೊಟ್ಟವಳೇ ಅಲ್ಲ.

“ಅಕ್ಕಾ, ಇವತ್ತು ಮುಂದೆ ನಾನ್ ಕೂತ್ಕೊಳ್ಲಾ?”

“ಯಾಕೆ?”

“ನೀವ್ಯಾಕೆ ಕೂತ್ಕೊಳ್ತೀರೋ ಅದಕ್ಕೇ.” ಒಳಗಿದ್ದ ಗಂಡನಿಗೆ ಕೇಳದ ಹಾಗೆ ಅವಳು ಹತ್ತಿರ ಬಂದಳು. “ಜಾಲರಿ ಬಿಚ್ಚಿಸ್ದೋರು ಇವ್ರೇ ಅಕ್ಕ. ಮನೇಲಿ ನನ್ನತ್ರ ಒಪ್ಕೊಂಡು, ಅಲ್ಲೋಗಿ ಹಂಗಂದ್ಬಿಟ್ರು. ಅವತ್ತಿಂದ ಆ ಮಾತು ನನ್ ಬಾಯಲ್ಲೂ ಬರ್ತಿಲ್ಲ. ಇವ್ರನ್ನ ಕ್ಷಮಿಸ್ದೆ ಅಂತ ಹೆಂಗೇಳ್ಲಿ?”

ನಿನಗೇನು ಬಂದಿದೆ ದಾಡಿ, ನಿನ್ನ ಗಂಡನ ಕೈ ನೆಟ್ಟಗಿದೆಯಲ್ಲ ಎಂದು ಬಾಯಿಗೆ ಬಂತು. ಹೋಗಿ ಇದನ್ನು ಶೆಡ್ಡಿನಲ್ಲಿ ಹೇಳು ಎಂದೂ ಬಂತು. ಅವಳ ಮುಖ ನೋಡಿ ಎರಡನ್ನೂ ನುಂಗಿಕೊಂಡು ಹಿಂದೆ ಹೋಗಿ, ಪಕ್ಕದ ಗೋಡೆಯ ಅಂಚಿಗೆ ಕೂತೆ.

ವರ್ಷವಾದ ಮೇಲೆ ಮೊದಲ ಸಲ ಎಲ್ಲರ ಬಾಯಿಯೂ ನನಗೆ ಕಾಣುತ್ತಿತ್ತು. ಅವಳು ಮೊದಲರ್ಧ ಹೇಳಿದಳು. ಅನುದಿನದ ಆಹಾರ ಕೊಡಿರಿ ಎಂದು ಎಲ್ಲರೂ ಸೇರಿ ಕೇಳಿದರು. ಕ್ಷಮೆಯ ಸಾಲು ಬಂದಾಗ ಅವಳ ಗಂಡನ ತುಟಿ ಅಂಟಿಕೊಂಡಿತು. ಕತ್ತು ಬಗ್ಗಿತು. ಐದು ಸಲ ಆ ಜಪ ಬಂತು, ಐದು ಸಲವೂ ಹಾಗೇ ಆಯಿತು. ಅವನ ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಮಾತ್ರ, ಯಂತ್ರದ ಸದ್ದಿನಲ್ಲಿ ಕೂಗಿ ಮಾತಾಡುವವರ ಹಾಗೆ ಗಟ್ಟಿಯಾಗಿ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ತಡೆಯಲಾಗಲಿಲ್ಲ. “ಅವನು ಆ ಸಾಲು ಹೇಳೋದೇ ಇಲ್ವಾ?”

“ಒಂದ್ ದಿನಾನೂ ಹೇಳಿಲ್ಲ. ನಿಂಗೆಲ್ ಕಾಣ್ಬೇಕು, ಮುಂದ್ಗಡೆ ಕೂತು ಗೋಡೆ ನೋಡ್ತಿರ್ತೀಯ.”

“ನೀವು? ಅಷ್ಟು ಸುಲಭಕ್ಕೆ ಕ್ಷಮಿಸ್ಬಿಟ್ರಾ?”

ಅವರು ನಿಂತು ನನ್ನ ಕಡೆ ತಿರುಗಿ ನಕ್ಕರು. ಬೆರಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. “ಯಾವನೇ ಹೇಳ್ದೋನು ಕ್ಷಮಿಸ್ದೆ ಅಂತ? ದಿನಾ ಅವನ ಪಕ್ಕ ಜಾಗ ಹುಡುಕ್ಕೊಂಡು ಕೂತ್ಕೊಳ್ತೀನಿ ಕಣೆ. ನಾನ್ ಆ ಮಾತು ಹೇಳ್ದಾಗೆಲ್ಲ ಅವನ ತಲೆ ಕೆಳಗೋಗುತ್ತೆ. ಎನ್‌ಕ್ವಯರಿಲಿ ನನ್ ಮಾತು ಯಾರೂ ಕೇಳ್ಲಿಲ್ಲ. ಇಲ್ಲಿ ಅವನಾದ್ರೂ ಕೇಳ್ಬೇಕು.”

ಅಯ್ಯೋ ದೇವರೇ, ಇಷ್ಟು ದಿನ ಈ ಮನುಷ್ಯನನ್ನು ಸಪ್ಪೆ ಎಂದುಕೊಂಡಿದ್ದೆನಲ್ಲ! ಅಂದು ನಾನೇ ಅವರಿಗೆ ಅನ್ನ ಕಲೆಸಿ ಕೊಟ್ಟೆ.

ಮಾರನೆಯ ಸಂಜೆ ಮುಂದಿನ ಜಾಗವನ್ನು ಆ ಹೆಂಗಸಿಗೇ ಬಿಟ್ಟುಕೊಟ್ಟೆ. ಅವಳ ಗಂಡನ ಒಂದು ಪಕ್ಕಕ್ಕೆ ನನ್ನ ಗಂಡ ಕೂತಿದ್ದರು. ಇನ್ನೊಂದು ಪಕ್ಕಕ್ಕೆ ಹೋಗಿ ನಾನು ಮೊಣಕಾಲೂರಿದೆ. ಸಾಲು ಬಂದಾಗ ಒಂದೊಂದು ಅಕ್ಷರ ಬಿಡಿಸಿ, ಅವನ ಕಿವಿಗೆ ಬೀಳುವ ಹಾಗೆ ಹೇಳಿದೆ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಅವನು ಎದ್ದು ಹೋಗುವ ಹಾಗೂ ಇರಲಿಲ್ಲ. ಜಪ ನಡೆಯುತ್ತಿದ್ದದ್ದು ಅವನ ಮನೆಯಲ್ಲೇ.