ಶಿಬಿರಕ್ಕೆ ಜೋಲಿ ಹುಡುಕಿ ವಾಗದರಿಗೆ

ವಿಜಾಪುರದಿಂದ ಬೆಳಗಿನ ರೈಲು ಹೊರಟಾಗ ನನ್ನೆದುರು ಶಾಂತವ್ವ ಮುಖ ಬಿಗಿದುಕೊಂಡು ಕೂತಿದ್ದರು. ನಾನು ಹುಡುಗಿಯರ ಶಾಲೆಯ ಆಟದ ಟೀಚರು. ಹೋದ ವರ್ಷ ನಮ್ಮ ಶಿಬಿರದಲ್ಲಿ ನೆಲದ ಮೇಲೆ ಮಲಗಿದ್ದ ಇವರ ಮಗಳು ಕಸ್ತೂರಿಗೆ ಚೇಳು ಕಡಿದಿತ್ತು. ಈ ಸಲ ಶಾಂತವ್ವ ಒಲ್ಲೆ ಎಂದರೆ ಉಳಿದ ತಾಯಂದಿರೂ ಒಲ್ಲೆ ಎನ್ನುವವರೇ, ಶಿಬಿರವೇ ಇಲ್ಲ. ಇಪ್ಪತ್ತು ಹುಡುಗಿಯರಿಗೆ ಮಂಚ ಹೊತ್ತೊಯ್ಯಲಾದೀತೇ? ಡೇರೆಯ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮರಕ್ಕೆ ಬಟ್ಟೆಯ ಜೋಲಿ ಕಟ್ಟಿ ಮಲಗಿಸುತ್ತೇನೆ ಎಂದೆ. "ಕಣ್ಣಾರೆ ನೋಡದ ಹೊರತು ನಾ ಹೂಂ ಅನ್ನಂಗಿಲ್ರಿ ಅಕ್ಕೋರ" ಎಂದು ಅವರೂ ಹೊರಟುಬಂದಿದ್ದರು.

ಜೋಲಿಯ ಬಟ್ಟೆ ಕೊಳ್ಳಲು ಸೊಲ್ಲಾಪುರದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ವಿಜಾಪುರ ರಸ್ತೆಯ ಅರಿವೆ ಅಂಗಡಿಯಲ್ಲಿ ನನ್ನ ಕಣ್ಣು ಹೂಬಳ್ಳಿಯ ಚಾದರದ ಮೇಲೆ ಬಿತ್ತು. ಅಂಗಡಿಯ ಮಲ್ಲಿನಾಥ ಶೇಠರು ತಡೆದರು. "ಚಾದರ ಛಂದ ಐತ್ರಿ, ಖರೆ ಭಾಳ ತುಟ್ಟಿ. ಈ ಮಾಂಜರಪಾಟ ತಗೋರಿ, ಮಜಬೂತ ಐತಿ." ದಪ್ಪ ಹತ್ತಿ ಬಟ್ಟೆ, ಗಜಕ್ಕೆ ಎರಡೂವರೆ ರೂಪಾಯಿ. ಮಾರುವವನೇ ಅಗ್ಗದ್ದು ಕೊಳ್ಳಿ ಎನ್ನುವುದನ್ನು ನಾನು ಅಲ್ಲೇ ಕಂಡದ್ದು! ನಾನೋ ಮಹಾ ಜಾಣೆ. ಅದರದೊಂದು ತುಂಡು ಕೊಂಡು, ನಾಲ್ಕು ಮೂಲೆಗೆ ಹಗ್ಗ ಬಿಗಿದು ಅಂಗಡಿಯ ಕಂಬಗಳಿಗೆ ಕಟ್ಟಿ ಕೂತೆ. ಪರ್ರೆಂದು ಹರಿದು ನೆಲಕ್ಕೆ ಬಿದ್ದೆ.

"ಚೇಳಽ ಛಲೋ ಇತ್ತು, ಇದು ಸೊಂಟಾನಽ ಮುರೀತದ" ಎಂದರು ಶಾಂತವ್ವ. ನನಗೆ ಅಳುವೇ ಬಂತು.

ಶೇಠರು ಬೇರೆ ನಾಲ್ಕು ಗಜ ಅಳೆದು ಕೊಟ್ಟರು. "ಮೂಲಿ ಕಟ್ಟಿದ್ರ ಹರೀತೈತ್ರಿ. ವಾಗದರಿಯೊಳಗ ನಮ್ಮ ತಂಗಿ ನೀಲವ್ವ ಅದಾಳ. ಹೊಲದಾಗ ಕೂಸಿಗೆ ದಿನಾ ಜೋಲಿ ಕಟ್ಟತಾಳ, ಆಕಿನ್ನ ಕೇಳ್ರಿ."

ಮರುದಿನ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋದೆವು. ಅಲ್ಲಿ ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ ತಿಂದು ಇನ್ನೊಂದು ಬಸ್ಸು ಹಿಡಿದು ವಾಗದರಿ ತಲುಪಿದೆವು. ನೀಲವ್ವನ ಮನೆಯ ಮುಂದೆ ಎರಡು ಬೇವಿನ ಮರ. ಆಕೆ ಬಟ್ಟೆಯ ಅಗಲವನ್ನೆಲ್ಲ ಸೀರೆಯ ನಿರಿಗೆಯಂತೆ ಹಿಡಿದು, ತುದಿಯನ್ನು ಹಿಂದಕ್ಕೆ ಮಡಚಿ, ಆ ಮಡಿಕೆಯ ಕುತ್ತಿಗೆಗೆ ಹಗ್ಗ ಸುತ್ತಿದಳು. ಇನ್ನೊಂದು ತುದಿಗೂ ಹಾಗೇ ಮಾಡಿ ಎರಡು ಮರಗಳ ನಡುವೆ ಕಟ್ಟಿದಳು. ಜಗ್ಗಿದಷ್ಟೂ ಗಂಟು ಬಿಗಿಯುತ್ತದೆ. ನಾನು ಸುಮ್ಮನೆ ತೂಗಿ ನೋಡಲು ಕೈ ಚಾಚಿದೆ.

"ಅಯ್ಯ, ಖಾಲಿ ಜೋಲಿ ತೂಗಬಾರದ್ರಿ! ಹೊಸಾದಕ್ಕ ಮೊದಲ ಗುಂಡಕಲ್ಲ, ಆಮ್ಯಾಲ ಮನಷ್ಯಾ."

ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವಂತೆ, ರುಬ್ಬುವ ಗುಂಡನ್ನು ತಂದು ಮಲಗಿಸಿದಳು. ಎಂಥ ಬುದ್ಧಿ! ಶಾಸ್ತ್ರವೂ ಆಯಿತು, ಭಾರದ ಪರೀಕ್ಷೆಯೂ ಆಯಿತು.

ಕಲ್ಲು ತೆಗೆದ ಮೇಲೆ ನಾನು ಹತ್ತಹೋದೆ. ಶಾಂತವ್ವ ನನ್ನನ್ನು ಪಕ್ಕಕ್ಕೆ ಸರಿಸಿದರು. "ನೀವು ಕಡ್ಡಿಯಂಗ ಅದೀರಿ. ನಿಮ್ಮನ್ನ ತಾಳಿದ್ರ ಏನ ಬಂತು?"

ಅವರದು ಭಾರೀ ಮೈ. ಹಗ್ಗ ಕಿರ್ರೆಂದಿತು, ಬಿದ್ದರೆ ಹಿಡಿಯಲೆಂದು ನಾನು ಎರಡೂ ಕೈ ಚಾಚಿದೆ. ಗಂಟು ಮಾತ್ರ ಅಲುಗಲಿಲ್ಲ. ನೀಲವ್ವ ಮೆಲ್ಲಗೆ ತೂಗತೊಡಗಿದಳು. ಶಾಂತವ್ವ ಕಣ್ಣು ಮುಚ್ಚಿದರು. ಹೆದರಿ ಕರೆದೆ.

"ಅಕ್ಕೋರ," ಎಂದರು ಕಣ್ಣು ತೆರೆಯದೆ, "ಶಿಬಿರದ ಪಟ್ಟಿಯೊಳಗ ಕಸ್ತೂರಿ ಹೆಸರು ಮೊದಲ ಬರಕೋರಿ. ಅದರ ಕೆಳಗ ನಂದು."